ಮನೆಯಲ್ಲಿ ತುಂಬಿದ ತೋಟಾ, ತಾಮ್ರದ ಗುಂಡು

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಕೋವಿ ಹಿಡಿದು ಯಾವ ಕಾಡುಪ್ರಾಣಿಯನ್ನು ಹೊಡೆಯಲೂ ಸೀಸದ ಗುಂಡು ಬಳಸುವಂತಿಲ್ಲ. ನಾನು ಇಲ್ಲಿನ ಕರಾವಳಿ ಗುಡ್ಡಗಳಲ್ಲಿ ಕಾಡುಹಂದಿ ಮತ್ತು ಜಿಂಕೆಯ ಶಿಕಾರಿ ಮಾಡುವವನು. ತೋಟಾಗಳನ್ನು ಮನೆಯ ಗ್ಯಾರೇಜಿನಲ್ಲೇ ತುಂಬಿಕೊಳ್ಳುತ್ತೇನೆ. ಸೀಸ ಬಿಟ್ಟು ಅಪ್ಪಟ ತಾಮ್ರದ ಗುಂಡಿಗೆ ಬಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಅಮೆರಿಕದಲ್ಲಿ ಇದು ಕಾನೂನಿಗೆ ಒಪ್ಪಿತವಾದ ಹವ್ಯಾಸ. ಭಾರತದಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ, 1972ರ ವನ್ಯಜೀವಿ ಕಾಯ್ದೆಯಡಿ ಶಿಕಾರಿಗೂ ಅವಕಾಶವಿಲ್ಲ. ಊರಿನಲ್ಲಿರುವ ಓದುಗರು ಇದನ್ನು ದೂರದ ಒಂದು ಕಸುಬಿನ ಮಾತು ಎಂದು ಓದಿಕೊಳ್ಳಬೇಕು.

1. ಮೊದಲು ನೋಡಬೇಕಾದದ್ದು ಗುಂಡಿನ ಉದ್ದ

ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96. ಕೋವಿಯ ನಳಿಗೆಯ ವ್ಯಾಸ ಬದಲಾಗುವುದಿಲ್ಲವಾದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗಲೇಬೇಕು. ಮಾಮೂಲಿ ಸೀಸದ ಗುಂಡಿಗೂ ಮೇಲೆ ತಾಮ್ರದ ಕವಚ ಇರುವುದರಿಂದ ವ್ಯತ್ಯಾಸ ಈ ಲೆಕ್ಕ ತೋರಿಸುವಷ್ಟು ದೊಡ್ಡದಲ್ಲ. ಆದರೂ .30 ಕ್ಯಾಲಿಬರಿನ ಎರಡು ಗುಂಡುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದರೆ ಕಣ್ಣಿಗೇ ಗೊತ್ತಾಗುತ್ತದೆ. ಮುಂದೆ ಎದುರಾಗುವ ಬಹುತೇಕ ಪ್ರಶ್ನೆಗಳು ಈ ಉದ್ದದಿಂದಲೇ ಹುಟ್ಟುತ್ತವೆ: ತಿರುಪು ಸಾಲುತ್ತದೆಯೇ, ಕೇಸಿನೊಳಗೆ (ತೋಟಾದ ಲೋಹದ ಕೊಳವೆಯೊಳಗೆ) ಮದ್ದಿಗೆ ಜಾಗ ಉಳಿಯುತ್ತದೆಯೇ, ಒತ್ತಡ ಎಷ್ಟಾಗುತ್ತದೆ. ಆದ್ದರಿಂದ ತಾಮ್ರದ ಗುಂಡನ್ನು ತೂಕ ನೋಡಿ ಕೊಳ್ಳುವ ಅಭ್ಯಾಸವನ್ನು ಬಿಡಬೇಕು.

2. ಒಂದು ಮೆಟ್ಟಿಲು ಹಗುರ

ಸೀಸದಲ್ಲಿ ತೂಕ ಹೆಚ್ಚಿಗೆ ಬೇಕಾಗುತ್ತಿತ್ತು, ಏಕೆಂದರೆ ಮೂಳೆಗೆ ಬಡಿದ ಗುಂಡು ಚೂರಾಗಿ ತನ್ನ ತೂಕದ ದೊಡ್ಡ ಪಾಲನ್ನು ದಾರಿಯಲ್ಲೇ ಕಳೆದುಕೊಳ್ಳುತ್ತದೆ. ತಾಮ್ರದ್ದು ಹಾಗಲ್ಲ. ಮೂತಿಯ ರಂಧ್ರ ಬಿರಿದು ಎಸಳುಗಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಬುಡ ಹಾಗೇ ಉಳಿಯುತ್ತದೆ, ತೂಕ ಬಹುತೇಕ ಪೂರ್ತಿ ಉಳಿಯುತ್ತದೆ. .308 ವಿಂಚೆಸ್ಟರ್ ಕೋವಿಯಲ್ಲಿ 165 ಗ್ರೇನ್ ತೂಕದ ಸೀಸದ ಗುಂಡು ಹೊಡೆಯುತ್ತಿದ್ದವರಿಗೆ ತಾಮ್ರದಲ್ಲಿ 150 ಗ್ರೇನ್ ಧಾರಾಳ ಸಾಕು. ಹಗುರವಾದದ್ದು ಉದ್ದದಲ್ಲೂ ಕಡಿಮೆ, ಓಟದಲ್ಲೂ ಮುಂದು. ಹೊಸಬರಿಗೆ ಒಂದೇ ಸಲಹೆ ಕೊಡಲು ಅವಕಾಶವಿದ್ದರೆ ಇದನ್ನೇ ಕೊಡುತ್ತೇನೆ.

3. ನಳಿಗೆಯ ತಿರುಪು ತಿಳಿದಿರಲಿ

ನಳಿಗೆಯೊಳಗಿನ ಸುರುಳಿ ಗೆರೆಗಳು ಎಷ್ಟು ಇಂಚಿಗೆ ಒಂದು ಸುತ್ತು ಸುತ್ತುತ್ತವೆ ಎಂಬುದೇ ತಿರುಪು. ಗುಂಡು ಉದ್ದವಾದಷ್ಟೂ ಅದನ್ನು ಗಾಳಿಯಲ್ಲಿ ನೆಟ್ಟಗೆ ಹಿಡಿಯಲು ಬಿಗಿಯಾದ ತಿರುಪು ಬೇಕು. ಹತ್ತು ಇಂಚಿಗೆ ಒಂದು ಸುತ್ತಿನ .30-06ಗೆ ಈ ಚಿಂತೆ ಕಡಿಮೆ. ಹನ್ನೆರಡು ಇಂಚಿಗೆ ಒಂದು ಸುತ್ತಿನ ಹಳೆಯ .223 ಕೋವಿಗಳು 62 ಗ್ರೇನಿನ ತಾಮ್ರದ ಗುಂಡನ್ನು ಹಿಡಿದು ನಿಲ್ಲಿಸಲಾರವು. ಗುರಿಹಲಗೆಯ ಕಾಗದದ ಮೇಲೆ ದುಂಡನೆಯ ತೂತಿನ ಬದಲು ಉದ್ದನೆಯ ಸೀಳು ಕಂಡರೆ ಗುಂಡು ಅಡ್ಡಡ್ಡ ಹೋಗುತ್ತಿದೆ ಎಂದರ್ಥ. ಬೇಸಗೆಯಲ್ಲಿ ಅಂಚಿನಲ್ಲಿ ಪಾಸಾದದ್ದು ಚಳಿಗಾಲದ ದಟ್ಟ ಗಾಳಿಯಲ್ಲಿ ಕೈಕೊಡಬಹುದು. ಅಂಚಿನಲ್ಲಿರುವ ಗುಂಡನ್ನು ಆರಿಸಲೇಬೇಡಿ.

4. ಸೀಸದ ಕೋಷ್ಟಕ ತಾಮ್ರಕ್ಕೆ ನಡೆಯುವುದಿಲ್ಲ

ಉದ್ದನೆಯ ಗುಂಡು ಕೇಸಿನೊಳಗೆ ಆಳಕ್ಕೆ ಇಳಿದು ಮದ್ದಿನ ಜಾಗವನ್ನು ಕಬಳಿಸುತ್ತದೆ. ತಾಮ್ರ ಗಡುಸಾದ್ದರಿಂದ ನಳಿಗೆಯ ಗೆರೆಗಳಿಗೆ ಕಚ್ಚಿಕೊಳ್ಳುವಾಗ ಹೆಚ್ಚು ತಡೆಯೊಡ್ಡುತ್ತದೆ. ಎರಡೂ ಸೇರಿದರೆ, ತೂಕ ಒಂದೇ ಇದ್ದರೂ ಒತ್ತಡ ಒಂದೇ ಇರುವುದಿಲ್ಲ. ಯೂಟಾದ ಬಾರ್ನ್ಸ್ ಕಂಪನಿಯ ರ‍್ಯಾಂಡಿ ಬ್ರೂಕ್ಸ್ 80ರ ದಶಕದಲ್ಲಿ ಕಟ್ಟಿದ ಮೊದಲ ತಾಮ್ರದ ಗುಂಡಿನ ಮೈ ನುಣುಪಾಗಿತ್ತು. 2003ರಲ್ಲಿ ಬಂದ ಅದರ ಮುಂದಿನ ಪೀಳಿಗೆಯಲ್ಲಿ ಮೈಸುತ್ತ ಕಚ್ಚುಗಳನ್ನು ಕೊರೆದರು. ಗೆರೆಗಳು ಒತ್ತಿದಾಗ ಸರಿಯುವ ಲೋಹಕ್ಕೆ ಈ ಕಚ್ಚುಗಳು ಜಾಗ ಕೊಡುತ್ತವೆ. ಒತ್ತಡ ತಗ್ಗುತ್ತದೆ, ನಳಿಗೆಗೆ ಮೆತ್ತುವ ತಾಮ್ರವೂ ಕಡಿಮೆಯಾಗುತ್ತದೆ. ಒಬ್ಬೊಬ್ಬ ತಯಾರಕರ ಕಚ್ಚು ಒಂದೊಂದು ತರಹ, ಮಿಶ್ರಲೋಹವೂ ಬೇರೆ. ಹಾಗಾಗಿ ಅದೇ ಗುಂಡಿಗೆ, ಅದೇ ಮದ್ದಿಗೆ ಅಚ್ಚಾದ ಕೋಷ್ಟಕವನ್ನೇ ಹಿಡಿಯಬೇಕು. ಅದರ ಕನಿಷ್ಠ ಅಳತೆಯಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಏರಿಸಬೇಕು. ಬೋಲ್ಟ್ ಎತ್ತುವಾಗ ಬಿಗಿ ಎನಿಸಿದರೆ, ಕೇಸಿನ ಬುಡದಲ್ಲಿ ಹೊಳೆಯುವ ಹೊಸ ಗುರುತು ಕಂಡರೆ, ಮದ್ದಿಗೆ ಕಿಡಿ ಹತ್ತಿಸುವ ಕೇಪಿನ ಅಂಚು ಚಪ್ಪಟೆಯಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಈ ಗುರುತುಗಳು ಕಾಣುವ ಹೊತ್ತಿಗೆ ಒತ್ತಡ ಮಿತಿ ದಾಟಿರುವುದೇ ಹೆಚ್ಚು. ವೇಗಮಾಪಕ ಅದಕ್ಕಿಂತ ಮೊದಲೇ ಎಚ್ಚರಿಸುತ್ತದೆ: ಪುಸ್ತಕದ ಗರಿಷ್ಠ ವೇಗ ಬಂದಿತೆಂದರೆ ಗರಿಷ್ಠ ಒತ್ತಡವೂ ಬಂದಿದೆ ಎಂದೇ ತಿಳಿಯಬೇಕು, ಮದ್ದಿನ ಅಳತೆ ಎಷ್ಟೇ ಕಡಿಮೆಯಿರಲಿ.

5. ಗೆರೆಗಳಿಂದ ದೂರ ಕೂರಿಸಿ

ಸೀಸದ ಗುಂಡನ್ನು ಗೆರೆಗಳಿಗೆ ತಾಗುವಷ್ಟು ಹತ್ತಿರ ಕೂರಿಸಿದರೆ ಗುರಿ ಬಿಗಿಯಾಗುತ್ತದೆಂದು ಅನೇಕರು ನಂಬುತ್ತಾರೆ. ಆದರೆ ತಾಮ್ರದ ಗುಂಡಿಗೆ ಓಡಿ ಬರಲು ಸ್ವಲ್ಪ ಅಂತರ ಬೇಕು. ನಾನು 0.050 ಇಂಚಿನಿಂದ, ಅಂದರೆ ಒಂದೂಕಾಲು ಮಿಲಿಮೀಟರಿನಿಂದ ಶುರುಮಾಡುತ್ತೇನೆ. ಮೊದಲು ಮದ್ದೂ ಕೇಪೂ ಇಲ್ಲದ ಒಂದು ಖಾಲಿ ತೋಟಾ ಮಾಡಿ ಮ್ಯಾಗಜೀನಿನಲ್ಲಿ ಸಲೀಸಾಗಿ ಓಡಾಡುತ್ತದೆಯೇ ನೋಡಿಕೊಳ್ಳಿ. ಗುರಿ ಚದುರಿದರೆ ಮದ್ದಿಗೆ ಕೈಹಾಕುವ ಮೊದಲು ಈ ಅಂತರವನ್ನು ಬದಲಿಸಿ ನೋಡಿ.

6. ನಳಿಗೆ ತೊಳೆದು ಶುರುಮಾಡಿ

ಹಳೆಯ ಗುಂಡಿನ ಕವಚ ಬಿಟ್ಟುಹೋದ ಪದರದ ಮೇಲೆ ಹೊಸ ತಾಮ್ರದ ಗುಂಡನ್ನು ಹಾರಿಸಿದರೆ ಗುರಿ ಸಿಗುವುದಿಲ್ಲ. ಅಮೋನಿಯಾ ಇರುವ ದ್ರಾವಣದಲ್ಲಿ ಬಟ್ಟೆ ಅದ್ದಿ ನಳಿಗೆಯಲ್ಲಿ ಎಳೆದರೆ ಅದು ಮೊದಲು ಕಡುನೀಲಿಯಾಗಿ ಹೊರಬರುತ್ತದೆ, ಆಮೇಲೆ ತಿಳಿಹಸಿರು ಛಾಯೆಯ ನೀಲಿ. ಬಿಳಿಯಾಗಿ ಬರುವವರೆಗೂ ಎಳೆಯಬೇಕು. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

7. ಮೇಜಿನ ಮೇಲೆ ಒಂದೇ ಡಬ್ಬಿ

ಮದ್ದಿನ ಎರಡು ಡಬ್ಬಿಗಳು ಒಟ್ಟಿಗೆ ತೆರೆದಿರಬಾರದು. ತಕ್ಕಡಿಯ ಮೇಲೆ ಗ್ರೇನ್ ಇದೆಯೋ ಗ್ರಾಂ ಇದೆಯೋ ಎಂದು ಪ್ರತಿಸಲವೂ ನೋಡಿಕೊಳ್ಳಿ. ಒಂದು ಗ್ರಾಮಿಗೆ ಹದಿನೈದೂವರೆ ಗ್ರೇನ್‌ಗಳ ಹತ್ತಿರ ಆಗುತ್ತದೆ. ಕೇಸುಗಳನ್ನು ಅಳೆದು, ಮಿತಿ ಮೀರಿದ್ದನ್ನು ಕತ್ತರಿಸಬೇಕು: .30-06ಗೆ ಗರಿಷ್ಠ 2.494 ಇಂಚು. ಕೇಪು ಕೂರಿಸಿದ ಮೇಲೆ ಬೆರಳ ತುದಿಯನ್ನು ಬುಡದ ಮೇಲೆ ಆಡಿಸಿ. ಕೇಪು ಬುಡದ ಮಟ್ಟದಿಂದ ಕೂದಲೆಳೆಯಷ್ಟು ಕೆಳಗಿರಬೇಕು. ಮದ್ದು ತುಂಬಿದ ಕೇಸುಗಳನ್ನು ಸಾಲಾಗಿ ನಿಲ್ಲಿಸಿ, ಟಾರ್ಚಿನ ಬೆಳಕು ಓರೆಯಾಗಿ ಬಿಟ್ಟು ಒಂದೊಂದರ ಕತ್ತಿನೊಳಗೂ ಇಣುಕುತ್ತೇನೆ. ಒಂದರಲ್ಲಿ ಮಟ್ಟ ಏರಿದ್ದರೂ ಇಳಿದಿದ್ದರೂ ಅದನ್ನು ಸುರಿದು ಮತ್ತೆ ತೂಗುತ್ತೇನೆ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟೇ ಉತ್ತರ ಕೊಡುತ್ತೇನೆ.

8. ಬಿಟ್ಟುಬಂದ ಕರುಳು ಯಾರ ಹೊಟ್ಟೆಗೆ

ಕಾನೂನು ಬಂತೆಂದು ಗೊಣಗುತ್ತ ತಾಮ್ರಕ್ಕೆ ಬಂದವರಿದ್ದಾರೆ. ನನಗೆ ಈ ಕಾನೂನು ಬೇಕಿತ್ತು. 1987ರಲ್ಲಿ ಕಾಡಿನಲ್ಲಿ ಉಳಿದಿದ್ದ ಕೊನೆಯ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದನ್ನೂ ಹಿಡಿದು ತಂದಾಗ ಜಗತ್ತಿನಲ್ಲಿದ್ದದ್ದು ಒಟ್ಟು 27 ಹಕ್ಕಿಗಳು. ಸಾಕಿ, ಮರಿಮಾಡಿಸಿ 1992ರಿಂದ ಮತ್ತೆ ಬಿಡತೊಡಗಿದರು. ಬಿಟ್ಟ ಹಕ್ಕಿಗಳನ್ನು ಸೀಸ ಕೊಲ್ಲುತ್ತಲೇ ಇದೆ. ಬೇಟೆಗಾರ ಜಿಂಕೆಯನ್ನು ಹೊಡೆದು, ಸೀಳಿ, ಕರುಳನ್ನು ಅಲ್ಲೇ ಬಿಟ್ಟು ಮಾಂಸ ಹೊತ್ತು ತರುತ್ತಾನೆ. ಪೆರೆಗ್ರಿನ್ ಫಂಡ್‌ನ ಸಂಶೋಧಕರು ಅಂಥ ಜಿಂಕೆಗಳ ಉಳಿಕೆಗಳನ್ನು ಎಕ್ಸ್‌ರೇ ಮಾಡಿ 2006ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ ಗುಂಡು ಹಾದ ದಾರಿಯಿಂದ ದೂರಕ್ಕೂ ಸೀಸದ ಬಿಳಿ ಚುಕ್ಕಿಗಳು ಹರಡಿವೆ. ಆ ಕರುಳು ತಿಂದ ಕಾಂಡೋರಿನ ಹೊಟ್ಟೆಯ ಆಮ್ಲ ಆ ಸೀಸವನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ಜೀರ್ಣಾಂಗ ಸ್ತಬ್ಧವಾಗಿ, ತಿಂದದ್ದು ಗಂಟಲ ಚೀಲದಲ್ಲೇ ನಿಂತು, ಹಕ್ಕಿ ಉಪವಾಸ ಸಾಯುತ್ತದೆ. ದನಕ್ಕೆ ಕೊಟ್ಟ ಡೈಕ್ಲೊಫಿನಾಕ್ ಎಂಬ ನೋವುನಿವಾರಕ ಭಾರತದ ರಣಹದ್ದುಗಳನ್ನು ಬಹುಪಾಲು ಅಳಿಸಿದ್ದನ್ನು ಬಲ್ಲ ನಮಗೆ, ರಾಮನಗರದ ಬೆಟ್ಟದಲ್ಲಿ ಉಳಿದವನ್ನು ಕಾಯಲು 2012ರಲ್ಲಿ ಧಾಮ ಮಾಡಬೇಕಾಗಿ ಬಂದದ್ದನ್ನು ಕಂಡ ನಮಗೆ, ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅರಿಜೋನಾದಲ್ಲಿ ಕಾನೂನಿಲ್ಲದೆಯೇ 2005ರಿಂದ ಕಾಂಡೋರ್ ನಾಡಿನ ಬೇಟೆಗಾರರಿಗೆ ಸೀಸರಹಿತ ತೋಟಾಗಳನ್ನು ಪುಕ್ಕಟೆ ಕೊಡುತ್ತ ಬಂದರು, ಬಹುಪಾಲು ಬೇಟೆಗಾರರು ತಾವಾಗಿ ಒಪ್ಪಿದರು. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಹಾಗೆ ಹೊತ್ತು ತಂದ ಜಿಂಕೆಯ ಮಾಂಸವನ್ನು ನಮ್ಮ ಮಕ್ಕಳೂ ತಿನ್ನುತ್ತಾರೆ ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ.

9. ವೇಗ ಇಳಿದ ಮೇಲೆ ಹೊಡೆಯಬೇಡಿ

ತಾಮ್ರ ಅರಳುವುದು ವೇಗದಿಂದ. ಓಟ ಕುಂದಿದ ಗುಂಡು ಅರಳದೆ ಸೂಜಿಯ ಹಾಗೆ ಹಾದುಹೋಗುತ್ತದೆ, ಗಾಯಗೊಂಡ ಪ್ರಾಣಿ ಪೊದೆ ಸೇರುತ್ತದೆ. ಪ್ರತಿ ಗುಂಡಿಗೂ ಅರಳಲು ಬೇಕಾದ ಕನಿಷ್ಠ ವೇಗವನ್ನು ತಯಾರಕರು ಹೇಳಿರುತ್ತಾರೆ. ಅದು ಏನೇ ಇರಲಿ, ನನ್ನ ಗೆರೆ ಸೆಕೆಂಡಿಗೆ 2000 ಅಡಿ. 2800 ಅಡಿಯಲ್ಲಿ ಹೊರಟ .308ರ 150 ಗ್ರೇನ್ ಗುಂಡು 400 ಗಜ ಮುಟ್ಟುವಾಗ ಆ ಗೆರೆಯ ಆಸುಪಾಸಿಗೆ ಇಳಿದಿರುತ್ತದೆ. ನಾನು 300 ಗಜದಾಚೆ ಕುದುರೆ ಎಳೆಯುವುದಿಲ್ಲ. ಗುರಿಯನ್ನೂ ಸ್ವಲ್ಪ ಮುಂದಕ್ಕೆ ಸರಿಸಿಕೊಂಡಿದ್ದೇನೆ: ಭುಜದ ಹಿಂದಿನ ಪಕ್ಕೆಯ ಬದಲು ಭುಜದ ಮೂಳೆಗೆ. ತಾಮ್ರ ಆ ಮೂಳೆ ಒಡೆದು ಶ್ವಾಸಕೋಶ ದಾಟುತ್ತದೆ, ಪ್ರಾಣಿ ಹೆಚ್ಚು ದೂರ ಓಡುವುದಿಲ್ಲ, ಸೀಸದ ಗುಂಡಿಗಿಂತ ರಕ್ತ ಹೆಪ್ಪುಗಟ್ಟಿ ಹಾಳಾಗುವ ಮಾಂಸವೂ ಕಡಿಮೆ.

10. ಡಬ್ಬಿಯ ಮೇಲೆ ಬರೆದಿಡಿ

ಗುಂಡಿನ ಹೆಸರು ಮತ್ತು ತೂಕ, ಮದ್ದಿನ ಹೆಸರು ಮತ್ತು ಅಳತೆ, ಕೇಪು, ಕೇಸು ಎಷ್ಟನೆಯ ಸಲ ತುಂಬಿದ್ದು, ತೋಟಾದ ಒಟ್ಟು ಉದ್ದ, ತಾರೀಖು. ಯಾವ ಕೋವಿಗೆ ಎಂಬುದನ್ನೂ ಬರೆಯಿರಿ. ಒಂದು ಕೋವಿಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದುತ್ತದೆಂಬ ಭರವಸೆಯಿಲ್ಲ. ಮನೆಯಲ್ಲಿ ತುಂಬಿದ ತೋಟಾಕ್ಕೆ ಕಾರ್ಖಾನೆಯ ಮುದ್ರೆ ಇರುವುದಿಲ್ಲ, ಗುಡ್ಡದಲ್ಲಿ ವನ್ಯಜೀವಿ ವಾರ್ಡನ್ ಬಂದು ಗುಂಡು ಸೀಸರಹಿತವೇ ಎಂದು ಕೇಳಬಹುದು. ಗುಂಡು ಕೊಂಡಾಗ ಬಂದ ಪೆಟ್ಟಿಗೆಯ ಲೇಬಲನ್ನು ಕತ್ತರಿಸಿ ತೋಟಾದ ಡಬ್ಬಿಯೊಳಗೇ ಇಟ್ಟುಕೊಂಡರೆ ಅಲ್ಲೇ ತೋರಿಸಿ ಮುಂದೆ ನಡೆಯಬಹುದು.