ಪ್ರವಾಸದ ನಡುವೆ ದುರಂತದ ಸುದ್ದಿ: ಮೊದಲು ‘ಅರಾಮ ಅದೀವಿ’ ಅನ್ನಿ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ. ಮಕ್ಕಳಿಗೆ ಸೂಟಿ ಸಿಕ್ಕ ಕೂಡಲೇ ನಮ್ಮ ಜನ ತಂಪಿನ ಊರು ಹುಡುಕುತ್ತಾರೆ. ಊಟಿ, ಕುಲು–ಮನಾಲಿ, ಇನ್ನೂ ದೂರ ಹೋಗುವವರಿಗೆ ಕಾಶ್ಮೀರ. 2025ರ ಏಪ್ರಿಲ್ 22ರ ಮಧ್ಯಾಹ್ನ ಪಹಲ್ಗಾಮ್ ಸಮೀಪದ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದ ನಮ್ಮ ರಾಜ್ಯದವರೂ ಅವರಲ್ಲಿದ್ದರು. ಅದೇ ಹೊತ್ತಿಗೆ ಕಣಿವೆಯ ಬೇರೆ ಬೇರೆ ಕಡೆ ಎಷ್ಟೋ ಕನ್ನಡಿಗರಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಆದರೆ ಅದು ಮನೆಯವರಿಗೆ ಗೊತ್ತಿರಲಿಲ್ಲ. ಟಿವಿ ಮುಂದೆ ಕುಳಿತ ತಾಯಿಗೆ ‘ಕಾಶ್ಮೀರ’ ಎಂಬ ಒಂದೇ ಮಾತು ಕೇಳಿಸುತ್ತದೆ. ಗುಲ್ಮಾರ್ಗ್ ಯಾವುದು, ಪಹಲ್ಗಾಮ್ ಯಾವುದು, ನಡುವೆ ಎಷ್ಟು ದೂರ ಎಂದು ಆಕೆಗೆ ಯಾರು ಹೇಳಬೇಕು?

ಈ ಬರಹದಲ್ಲಿ ಆ ಸಂಕಟವನ್ನು ಕಡಿಮೆ ಮಾಡುವ ಕೆಲವು ಕೆಲಸಗಳಿವೆ. ಅರ್ಧಕ್ಕಿಂತ ಹೆಚ್ಚು ಕೆಲಸ ಬ್ಯಾಗು ಕಟ್ಟುವಾಗಲೇ ಮುಗಿಯಬೇಕು.

ಹೊರಡುವ ಹಿಂದಿನ ದಿನ

ಒಂದು ಹಾಳೆ ತೆಗೆದುಕೊಳ್ಳಿ. ಹೋಗುವ ಎಲ್ಲರ ಹೆಸರು, ವಯಸ್ಸು, ಫೋನ್ ನಂಬರು, ಯಾವ ದಿನ ಯಾವ ಊರು, ಹೋಟೆಲ್ ಹೆಸರು, ರೈಲಿನ ಪಿಎನ್ಆರ್, ಬೋಗಿ, ಸೀಟು, ಕಾರು ಬಾಡಿಗೆಗೆ ಹಿಡಿದಿದ್ದರೆ ಚಾಲಕನ ನಂಬರು ಎಲ್ಲವನ್ನೂ ಬರೆಯಿರಿ. ಒಂದು ಪ್ರತಿ ಮನೆಯಲ್ಲಿರಲಿ, ಒಂದು ನಿಮ್ಮ ಜೇಬಿನಲ್ಲಿರಲಿ. ಮೊಬೈಲಿನಲ್ಲಿ ಇದೆಯಲ್ಲ ಎನ್ನಬೇಡಿ. ಮೊಬೈಲು ಕಳೆಯುವುದೂ ಚಾರ್ಜು ಮುಗಿಯುವುದೂ ಇಂಥ ದಿನವೇ.

ಬೋಗಿ ಮತ್ತು ಸೀಟಿನ ಮಾತು ಸಣ್ಣದಲ್ಲ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ರೈಲುಗಳು ಡಿಕ್ಕಿಯಾದಾಗ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಳಸದಿಂದ ಸಮ್ಮೇದ ಶಿಖರ್ಜಿಗೆ ಹೊರಟಿದ್ದ ನೂರಕ್ಕೂ ಹೆಚ್ಚು ಯಾತ್ರಿಕರಿದ್ದರು. ಅವರು ಕ್ಷೇಮವಾಗಿ ಉಳಿದರು. ಆದರೆ ಕಾಯ್ದಿರಿಸದ ಬೋಗಿಯಲ್ಲಿ ಕುಳಿತವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆ ಅಪಘಾತದಲ್ಲಿ ಸತ್ತ ಹಲವರ ಗುರುತು ತಿಂಗಳುಗಳಾದರೂ ಸಿಗಲಿಲ್ಲ.

ಜಮ್ಮು–ಕಾಶ್ಮೀರ ಮತ್ತು ಲಡಾಖ್‌ಗೆ ಹೋಗುವವರು ಇದನ್ನು ಮರೆಯಲೇಬಾರದು: ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಗುಂಪಿನಲ್ಲಿ ಕನಿಷ್ಠ ಇಬ್ಬರ ಬಳಿಯಾದರೂ ಅದು ಇರಲಿ. ಬಿಪಿ, ಶುಗರ್ ಮಾತ್ರೆಗಳನ್ನು ಲೆಕ್ಕಕ್ಕಿಂತ ಐದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಪಹಲ್ಗಾಮ್ ಘಟನೆಯ ನಂತರ, ಮೇ ತಿಂಗಳಲ್ಲಿ, ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ಕೆಲವು ದಿನ ಮುಚ್ಚಿದ್ದವು. ಹಾಗಾದಾಗ ವಾಪಸ್ ಬರುವುದು ತಡವಾಗಬಹುದು.

ಸುದ್ದಿ ಬಂದ ಮೊದಲ ತಾಸು

ಎಲ್ಲಿದ್ದೀರೋ ಅಲ್ಲೇ ನಿಲ್ಲಿ. ಗುಂಪಿನ ತಲೆ ಎಣಿಸಿ. ದಾರಿಯಲ್ಲಿದ್ದರೆ ಹತ್ತಿರದ ಹೋಟೆಲು ಅಥವಾ ಪೊಲೀಸ್ ಠಾಣೆ ಸೇರಿಕೊಳ್ಳಿ. ನಂತರ ಮನೆಗೆ ಒಂದು ಎಸ್ಎಂಎಸ್ ಹಾಕಿ. ಎಲ್ಲರೂ ಒಟ್ಟಿಗೆ ಫೋನ್ ಮಾಡುವ ಹೊತ್ತಿನಲ್ಲಿ ಕರೆ ಹೋಗದಿದ್ದರೂ ಎಸ್ಎಂಎಸ್ ಹೋಗುವ ಸಾಧ್ಯತೆ ಹೆಚ್ಚು. ಹೀಗೆ ಬರೆದರೆ ಸಾಕು:

‘ನಾವು ಐದೂ ಮಂದಿ ಅರಾಮ ಅದೀವಿ. ಶ್ರೀನಗರದಾಗ ಹೋಟೆಲ್‌ನ್ಯಾಗ ಅದೀವಿ. ಹೊರಗ ಹೋಗಂಗಿಲ್ಲ. ರಾತ್ರಿ ಎಂಟಕ್ಕ ಮತ್ತ ತಿಳಸ್ತೀವಿ.’

ಇದರಲ್ಲಿ ಎಷ್ಟು ಜನ, ಎಲ್ಲಿ, ಮುಂದೆ ಯಾವಾಗ ಮಾತು ಎಂಬ ಮೂರೂ ಇವೆ. ಎಂಟಕ್ಕೆ ಎಂದರೆ ಎಂಟಕ್ಕೇ ಮಾಡಿ. ಒಂಬತ್ತಾದರೆ ಆ ಒಂದು ತಾಸು ಮನೆಯಲ್ಲಿ ಯಾರ ಗಂಟಲಲ್ಲೂ ತುತ್ತು ಇಳಿಯುವುದಿಲ್ಲ.

ಸೇನೆ, ಪೊಲೀಸರು ಓಡಾಡುವ ವಿಡಿಯೊ ಮಾಡಬೇಡಿ. ಸತ್ತವರ ಚಿತ್ರ ಹಂಚಬೇಡಿ, ಅವರ ಮನೆಗೆ ಇನ್ನೂ ಸುದ್ದಿ ಹೋಗಿರದೆ ಇರಬಹುದು. ನಿನ್ನೆ ತೆಗೆದ ಹಿಮದಾಟದ ಫೋಟೊಗಳನ್ನು ಇವತ್ತು ಸ್ಟೇಟಸ್‌ಗೆ ಹಾಕುವುದೂ ಬೇಡ.

ಮನೆಯಲ್ಲಿರುವವರ ಕೆಲಸ

ಒಬ್ಬರೇ ಮಾತಾಡಲಿ. ಕಾಕಾ, ಮಾಮಾ, ದೊಡ್ಡವ್ವ, ಓಣಿಯವರು ಎಲ್ಲರೂ ಪ್ರವಾಸಿಗರಿಗೇ ಫೋನ್ ಮಾಡಿದರೆ ತುರ್ತಿಗೆ ಬೇಕಾದ ಚಾರ್ಜು ಹೋಗಿಬಿಡುತ್ತದೆ. ಅಣ್ಣನೋ ಅಳಿಯನೋ ಒಬ್ಬರು ಜವಾಬ್ದಾರಿ ಹೊತ್ತು ಉಳಿದವರಿಗೆ ಉತ್ತರ ಕೊಡಲಿ.

ಸಂಪರ್ಕ ಸಿಗದಿದ್ದರೆ ಆ ಹಾಳೆ ಹಿಡಿದು ನಮ್ಮ ಕಮಲಾಪುರ ತಾಲ್ಲೂಕಿನವರು ತಹಸೀಲ್ದಾರ್ ಕಚೇರಿಗೆ, ಕಲಬುರಗಿ ನಗರದವರು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. ಜಿಲ್ಲಾ ನಿಯಂತ್ರಣ ಕೊಠಡಿ 1077, ರಾಜ್ಯದ ತುರ್ತು ಕೇಂದ್ರ 1070, ರೈಲ್ವೆಗೆ 139. ಪ್ರವಾಸದಲ್ಲಿದ್ದವರಿಗೆ ದೇಶದಲ್ಲೆಲ್ಲೇ ಇರಲಿ 112. ದೊಡ್ಡ ಘಟನೆಯಾದರೆ ಸರ್ಕಾರ ಆ ಘಟನೆಗೆಂದೇ ಬೇರೆ ಸಹಾಯವಾಣಿ ತೆರೆಯುತ್ತದೆ. ಅದನ್ನು ಪತ್ರಿಕೆ, ಆಕಾಶವಾಣಿ, ಜಿಲ್ಲಾಡಳಿತದ ಪ್ರಕಟಣೆಯಿಂದ ತೆಗೆದುಕೊಳ್ಳಿ, ವಾಟ್ಸ್ಆ್ಯಪ್‌ನಲ್ಲಿ ಬಂದ ನಂಬರನ್ನು ನಂಬಿ ಕೂಡಬೇಡಿ. ಪಹಲ್ಗಾಮ್ ದಾಳಿಯ ವೇಳೆ ರಾಜ್ಯದ ಸಚಿವ ಸಂತೋಷ್ ಲಾಡ್ ಶ್ರೀನಗರಕ್ಕೇ ಹೋದರು. ಏಪ್ರಿಲ್ 24ರಂದು ವಿಶೇಷ ವಿಮಾನದಲ್ಲಿ 170ಕ್ಕೂ ಹೆಚ್ಚು ಕನ್ನಡಿಗರು ಬೆಂಗಳೂರಿಗೆ ಬಂದಿಳಿದರು. ಹೀಗೆ ಕರೆತರಬೇಕಾದವರ ಪಟ್ಟಿ ಮಾಡುವವರ ಕೈಗೆ ನಿಮ್ಮವರ ಹೆಸರು ತಲುಪುವುದು ನೀವು ಕೊಟ್ಟಾಗಲೇ.

ವಾಪಸ್ ಬರುವ ದಾರಿ

ಗಾಬರಿಯಲ್ಲಿ ಸಿಕ್ಕ ಟ್ಯಾಕ್ಸಿ ಹತ್ತಿ ಹೊರಡುವುದು ದೊಡ್ಡ ತಪ್ಪು. ಪಹಲ್ಗಾಮ್ ದಾಳಿಗೆ ಎರಡೇ ದಿನ ಮೊದಲು, ಏಪ್ರಿಲ್ 20ರಂದು, ರಾಂಬನ್‌ನಲ್ಲಿ ಮಣ್ಣು ಕುಸಿದು ಶ್ರೀನಗರ–ಜಮ್ಮು ಹೆದ್ದಾರಿ ಬಂದ್ ಆಗಿತ್ತು. ಅತ್ತ ಶ್ರೀನಗರದಿಂದ ಹೆಚ್ಚುವರಿ ವಿಮಾನಗಳನ್ನು ಬಿಟ್ಟಿದ್ದರು, ಟಿಕೆಟ್ ರದ್ದತಿ ಶುಲ್ಕವನ್ನು ವಿಮಾನ ಸಂಸ್ಥೆಗಳು ಮನ್ನಾ ಮಾಡಿದ್ದವು. ಹೋಟೆಲಿನವರನ್ನು, ಪೊಲೀಸರನ್ನು ಕೇಳಿ, ರಸ್ತೆ ಖಾತ್ರಿಯಾದ ಮೇಲೆ ಹೊರಡಿ.

ಸಂಸ್ಥೆಯೇ ವಿಮಾನ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳುವ ಹಕ್ಕು ನಿಮ್ಮದು. ರೈಲು ರದ್ದಾದರೆ ಇ–ಟಿಕೆಟ್ ಹಣ ತಾನಾಗಿ ಬರುತ್ತದೆ. ಕೌಂಟರ್ ಟಿಕೆಟನ್ನು ಮೂರು ದಿನದೊಳಗೆ ಸ್ಟೇಷನ್ನಿನಲ್ಲಿ ಕೊಟ್ಟು ಹಣ ಪಡೆಯಬೇಕು.

ನಮ್ಮ ಭಾಗದವರಿಗೊಂದು ಕಿವಿಮಾತು. ಆಯ್ಕೆ ಇದ್ದರೆ ಬೆಂಗಳೂರಿಗಿಂತ ಹೈದರಾಬಾದ್ ವಿಮಾನ ಕೇಳಿ. ಬೆಂಗಳೂರಿಗೆ ಇಳಿದರೆ ಕಲಬುರಗಿಗೆ ಇನ್ನೊಂದು ರಾತ್ರಿಯ ಪ್ರಯಾಣ. ಹೈದರಾಬಾದಿನಿಂದ ಜಹೀರಾಬಾದ್, ಹುಮನಾಬಾದ್ ಹಾದು ಕಮಲಾಪುರ ಅರ್ಧ ದಿನದೊಳಗೆ.

ಕೆಟ್ಟದ್ದೇ ಆಗಿದ್ದರೆ

ಬರೆಯಲು ಕೈ ಹಿಂಜರಿಯುತ್ತದೆ, ಆದರೂ ತಿಳಿದಿರಲಿ. ಸಾವಿನ ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲೇ, ನಮ್ಮ ಪಂಚಾಯಿತಿಯಲ್ಲಿ ಅಲ್ಲ. ಅಲ್ಲಿಂದ ಹೊರಡುವ ಮುನ್ನ ಎಫ್ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ ಮತ್ತು ಮರಣ ಪ್ರಮಾಣಪತ್ರಕ್ಕಾಗಿ ಕೊಟ್ಟ ಅರ್ಜಿಯ ರಸೀದಿ ಕೇಳಿ ಇಟ್ಟುಕೊಳ್ಳಿ. ಪರಿಹಾರ, ವಿಮೆ ಎಲ್ಲದಕ್ಕೂ ಇವೇ ಬೇಕು.

ಕಮಲಾಪುರ ಇಂಥ ದುರಂತವನ್ನು ಇನ್ನೊಂದು ಬದಿಯಿಂದಲೂ ಕಂಡಿದೆ. 2022ರ ಜೂನ್ 3ರ ನಸುಕಿನಲ್ಲಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಊರ ಹೊರಗೆ ಅಪಘಾತಕ್ಕೀಡಾಗಿ ಬೆಂಕಿ ಹೊತ್ತಿಕೊಂಡಿತು. ಹುಟ್ಟುಹಬ್ಬ ಆಚರಿಸಿ ಮರಳುತ್ತಿದ್ದ ಬಂಧುಬಳಗದ ಕೆಲವರು ಒಳಗೇ ಸುಟ್ಟುಹೋದರು. ಅವರ ಮನೆಯವರಿಗೆ ಕಮಲಾಪುರ ಎಂಬ ಹೆಸರು ಅದೇ ಮೊದಲು ಕೇಳಿದ್ದಿರಬೇಕು. ಹೊರಗಿನವರು ಹೀಗೆ ನಮ್ಮ ಊರಲ್ಲಿ ಸಿಕ್ಕಿಬಿದ್ದಾಗ ಅವರ ಫೋನು ಹಿಡಿದು ಮನೆಗೆ ಸರಿಯಾದ ವಿಳಾಸ ಹೇಳುವವರು ನಾವಾಗಬೇಕು. ಬೈಸರನ್‌ನಲ್ಲೂ ಸ್ಥಳೀಯರು ಹಾಗೆಯೇ ನಿಂತರು: ಪ್ರವಾಸಿಗರ ಜೊತೆಗಿದ್ದ ಸ್ಥಳೀಯ ಕುದುರೆಯವನೊಬ್ಬನೂ ಗುಂಡಿಗೆ ಬಲಿಯಾದ. ಗಾಯಗೊಂಡವರನ್ನು ಹೊತ್ತು ಕೆಳಗಿಳಿಸಿದವರೂ ಅದೇ ಊರಿನವರು. ಅದಕ್ಕೇ, ನಿಮ್ಮನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ ಅಲ್ಲಿನ ಚಾಲಕನ ಬಾಡಿಗೆ ಬಾಕಿ ಉಳಿಸಿ ಬರಬೇಡಿ.

ಮನೆ ಮುಟ್ಟಿದ ಮೇಲೆ ಮಕ್ಕಳನ್ನು ಗಮನಿಸಿ. ರಾತ್ರಿ ಬೆಚ್ಚುವುದು, ಪಟಾಕಿ ಸದ್ದಿಗೆ ಅಳುವುದು, ಊಟ ಬಿಡುವುದು ಎರಡು ವಾರ ದಾಟಿದರೆ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಉಚಿತ ಸೇವೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.