ಗಡಿಯೂರು ಕೃಷ್ಣಾ: ಸ್ಥಳೀಯ ಇತಿಹಾಸ ಮತ್ತು ಭೂಗೋಳದ ಪಾಠಕ್ಕೆ ಪೂರಕ ಲೇಖನ

ಕೃಷ್ಣಾ ಎಂಬುದು ನದಿಯ ಹೆಸರು, ದಂಡೆಯ ಮೇಲಿನ ಊರಿನ ಹೆಸರು, ರೈಲು ನಿಲ್ದಾಣದ ಹೆಸರು. 2016ರಿಂದ ಮಂಡಲದ ಹೆಸರೂ ಹೌದು. ನಾರಾಯಣಪೇಟೆ ಜಿಲ್ಲೆಯ ಈ ಊರಿನ ಎದುರು ದಂಡೆ ಕರ್ನಾಟಕದ ರಾಯಚೂರು ಜಿಲ್ಲೆಗೆ ಸೇರಿದೆ. ರಾಜ್ಯದ ಭೂಪಟವನ್ನು ಗೋಡೆಗೆ ತೂಗುಹಾಕಿ ಪಾಠ ಆರಂಭಿಸಿದರೆ ಇಲ್ಲಿನ ಮಗುವಿಗೆ ತನ್ನ ಊರು ಪಟದ ಅಂಚಿನಲ್ಲಿ ಕಾಣುತ್ತದೆ. ತಾನು ಕನ್ನಡದಲ್ಲಿ ಏಕೆ ಕಲಿಯುತ್ತಿದ್ದೇನೆ ಎಂಬ ಪ್ರಶ್ನೆಗೆ ಆ ಪಟದಲ್ಲಿ ಉತ್ತರ ದೊರೆಯದು. ಆದುದರಿಂದ ಪಾಠವನ್ನು ನದಿಯಿಂದಲೇ ಆರಂಭಿಸುವುದು ಉಚಿತ.

ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಗೆ, ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿದುಬಂದ ಭೀಮೆಯು ತಂಗಡಿಯ ಬಳಿ ಕೂಡುತ್ತದೆ. ಸಂಗಮದಿಂದ ಕೆಳಗೆ ಸ್ವಲ್ಪ ದೂರದವರೆಗೆ ನದಿಯೇ ಎರಡು ರಾಜ್ಯಗಳ ಗಡಿ. ಆದರೆ ನದಿಯ ಎರಡೂ ಕಡೆ ಮಣ್ಣು ಒಂದೇ, ಬೆಳೆಗಳೂ ಬಹುಮಟ್ಟಿಗೆ ಅವೇ: ನೀರು ಸಿಕ್ಕಲ್ಲಿ ಭತ್ತ, ಮೇಲಿನ ಎರೆಭೂಮಿಯಲ್ಲಿ ಜೋಳ, ತೊಗರಿ, ಹತ್ತಿ. ಎದುರು ದಂಡೆಯಲ್ಲಿ ಕಾಣುವ ಹೊಗೆ ಕೊಳವೆಗಳು ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದವು. ಅಲ್ಲಿ ಉರಿಯುವ ಕಲ್ಲಿದ್ದಲಿನಲ್ಲಿ ಒಂದು ಪಾಲು ತೆಲಂಗಾಣದ ಸಿಂಗರೇಣಿ ಗಣಿಗಳಿಂದ ಬರುತ್ತದೆ. ಗಡಿಯಾಚೆಯ ದೀಪಕ್ಕೆ ಈಚೆಯ ಇದ್ದಲು ಎಂಬ ಈ ಸಂಗತಿಯನ್ನು ಮಕ್ಕಳು ಬೇಗ ಮರೆಯುವುದಿಲ್ಲ.

ನೆಲದ ಇತಿಹಾಸ ಬಹಳ ಹಿಂದಿನದು. ಇದೇ ಮಂಡಲದ ಮುಡುಮಾಲ್‌ನಲ್ಲಿ ಬೃಹತ್ ಶಿಲಾಯುಗದ ಜನರು ನಿಲ್ಲಿಸಿದ ಎತ್ತರದ ಕಲ್ಲುಗಳಿವೆ. ಸಪ್ತರ್ಷಿ ಮಂಡಲವನ್ನು ಹೋಲುವ ಕುಳಿಗಳನ್ನು ಕೊರೆದ ಬಂಡೆಯೂ ಅಲ್ಲಿದೆ. 2025ರಲ್ಲಿ ಈ ತಾಣವು ಯುನೆಸ್ಕೊದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಆ ಕಲ್ಲುಗಳನ್ನು ನಿಲ್ಲಿಸಿದವರ ಭಾಷೆ ಯಾವುದೆಂದು ಮಗು ಕೇಳಿದರೆ, ಅವರು ಬರಹವನ್ನು ಬಿಟ್ಟುಹೋಗಿಲ್ಲ ಎಂದು ಹೇಳಿದರೆ ಸಾಕು.

ಊರಿನ ಈಚಿನ ಚರಿತ್ರೆಯನ್ನು ತಿಳಿಯಲು ರೈಲುಹಾದಿಗಿಂತ ಉತ್ತಮ ಸಾಧನವಿಲ್ಲ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಆ ಹಾದಿ ಕೃಷ್ಣಾ ಊರಿನ ಬಳಿ ನದಿಯನ್ನು ದಾಟುತ್ತದೆ. ಒಂದು ಕಡೆ ರಾಯಚೂರು, ಇನ್ನೊಂದು ಕಡೆ ಸೈದಾಪುರ, ಯಾದಗಿರಿ. ಸೈದಾಪುರದ ನಿಲ್ದಾಣಕ್ಕೆ ಹಿಂದೆ ಇದ್ದ ಹೆಸರು ನಾರಾಯಣಪೇಟೆ ರೋಡ್. ಇಂದು ಅದು ಯಾದಗಿರಿ ಜಿಲ್ಲೆಯಲ್ಲಿದೆ. ಆದರೆ ತನ್ನದೇ ತಾಲ್ಲೂಕು ಕೇಂದ್ರವಾಗಿದ್ದ ಮಖ್ತಲ್‌ಗೆ ಕೃಷ್ಣಾದಿಂದ ರೈಲುಸಂಪರ್ಕ ದೊರೆತದ್ದು 2023ರಲ್ಲಿ. ಆ ವರ್ಷದ ಅಕ್ಟೋಬರ್ 1ರಂದು 37 ಕಿಲೋಮೀಟರ್ ಉದ್ದದ ಜಕ್ಲೇರ್–ಕೃಷ್ಣಾ ಮಾರ್ಗ ಲೋಕಾರ್ಪಣೆಗೊಂಡು, ಕೃಷ್ಣಾ ನಿಲ್ದಾಣದಿಂದಲೇ ಮೊದಲ ಗಾಡಿ ಹೊರಟಿತು. ಈ ಎರಡು ಇಸವಿಗಳ ನಡುವೆ 152 ವರ್ಷಗಳು. ಅಷ್ಟು ಕಾಲವೂ ಈ ಊರಿನ ರೈಲು ಕನ್ನಡ ಸೀಮೆಯ ಊರುಗಳ ಕಡೆಗೇ ಓಡಿತು. ಸಂತೆಗೆ, ಆಸ್ಪತ್ರೆಗೆ, ನೆಂಟಸ್ತಿಕೆಗೆ ಜನ ಯಾವ ದಿಕ್ಕಿಗೆ ಹೋಗುತ್ತಿದ್ದರೆಂಬುದನ್ನು ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದು ತರಲಿ; ಕನ್ನಡವು ಇಲ್ಲಿಗೆ ಹೊರಗಿನಿಂದ ಬಂದ ಭಾಷೆಯೆಂಬ ಊಹೆ ಆ ಬರಹದ ಮುಂದೆ ನಿಲ್ಲಲಾರದು.

ರಾಜ್ಯದ ಗಡಿ ಇದಕ್ಕಿಂತ ಕಿರಿಯದು. 1948ರವರೆಗೆ ಎರಡೂ ದಂಡೆಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಮಖ್ತಲ್ ತಾಲ್ಲೂಕು ಮಹಬೂಬನಗರ ಜಿಲ್ಲೆಯಲ್ಲಿಯೂ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೂ ಇದ್ದವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೂ, ಆ ಎರಡು ತಾಲ್ಲೂಕುಗಳು ಮಖ್ತಲ್‌ನೊಡನೆ ಆಂಧ್ರಪ್ರದೇಶಕ್ಕೂ ಸೇರಿದವು. ಅಳತೆಗೋಲು ತಾಲ್ಲೂಕು, ಊರಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು: ತಾಲ್ಲೂಕಿನ ಬಹುಸಂಖ್ಯಾತರ ಭಾಷೆಯೊಂದು, ಅಂಚಿನ ಊರಿನ ಭಾಷೆಯೊಂದು ಆಗಿರಬಹುದು. ಇದನ್ನು ಯಾರೋ ಮಾಡಿದ ಅನ್ಯಾಯವೆಂದು ಬೋಧಿಸುವುದು ಸರಿಯಲ್ಲ. ಹೀಗೆ ಉಳಿದವರಿಗಾಗಿಯೇ ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಆ ವಿಧಿ ಹೇಳುತ್ತದೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ಕುಳಿತ ಮಗುವಿಗೆ ಇದು ತಿಳಿದಿರಬೇಕು.

ಮುಂದಿನ ಬದಲಾವಣೆಗಳನ್ನು ಮನೆಯಲ್ಲಿರುವ ಕಾಗದಗಳಿಂದ ಕಲಿಸಬಹುದು. 1956ಕ್ಕೆ ಮೊದಲು ಹುಟ್ಟಿದ ಅಜ್ಜಿಯೊಬ್ಬರು ಊರು ಬಿಡದೆಯೇ ಹೈದರಾಬಾದ್, ಆಂಧ್ರಪ್ರದೇಶ, 2014ರ ಜೂನ್ 2ರಿಂದ ತೆಲಂಗಾಣ ಎಂಬ ಮೂರು ರಾಜ್ಯಗಳನ್ನು ಕಂಡಿರುತ್ತಾರೆ. 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಯಾದಾಗ ಅವರ ಜಿಲ್ಲೆಯ ಹೆಸರೂ ಬದಲಾಯಿತು. ಪಟ್ಟೆ, ಪಡಿತರ ಚೀಟಿ, ಹಳೆಯ ಶಾಲಾ ದಾಖಲೆಗಳಲ್ಲಿ ರಾಜ್ಯ, ಜಿಲ್ಲೆ, ಮಂಡಲಗಳ ಹೆಸರು ಹೇಗೆ ಬದಲಾಗಿದೆ, ಊರಿನ ಹೆಸರು ಹೇಗೆ ಉಳಿದಿದೆ ಎಂಬುದನ್ನು ಮಕ್ಕಳು ಪಟ್ಟಿಮಾಡಲಿ. ಮೂಲ ಕಾಗದಗಳನ್ನು ಶಾಲೆಗೆ ತರಿಸದೆ, ಮನೆಯಲ್ಲಿಯೇ ನೋಡಿ ಬರೆದು ತರಲು ಹೇಳುವುದು ಒಳ್ಳೆಯದು. ಪಹಣಿ, ತಹಸೀಲ್ದಾರ ಮೊದಲಾದ ಪದಗಳು ನದಿಯ ಎರಡೂ ಕಡೆ ಇಂದಿಗೂ ಬಳಕೆಯಲ್ಲಿರುವುದೇಕೆ ಎಂಬ ಪ್ರಶ್ನೆಯನ್ನೂ ಆಗಲೇ ಕೇಳಬಹುದು.

ಕೊನೆಯ ಅವಧಿಯನ್ನು ರೈಲು ನಿಲ್ದಾಣದ ಹೊರಗೆ ನಡೆಸುವುದಾದರೆ, ಹಳಿಯ ಬಳಿ ಹೋಗದಂತೆ ಎಚ್ಚರಿಕೆ ವಹಿಸಿ, ನಾಮಫಲಕದಲ್ಲಿ ಯಾವ ಯಾವ ಲಿಪಿಗಳಿವೆ ಎಂಬುದನ್ನು ಗುರುತಿಸಲು ಮಕ್ಕಳಿಗೆ ಹೇಳಬೇಕು. ಇಲ್ಲದ ಲಿಪಿಯಲ್ಲಿ ಊರಿನ ಹೆಸರನ್ನು ಅವರೇ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ.