ಬೀಜಕ್ಕೆ ಬೈಯುವ ಮೊದಲು

ತಮ್ಮಾ, ಬೀಜ ಏಳಲಿಲ್ಲವೆಂದರೆ ನಾವು ಮೊದಲು ಬೈಯುವುದು ಅಂಗಡಿಯವನನ್ನು. ಬೈಯೋಣ, ಅದಕ್ಕೇನು! ಆದರೆ ಪರೀಕ್ಷೆಗಿಟ್ಟ ಜಾಗ ಎಷ್ಟು ಕಾದಿತ್ತು ಅಂತ ನೋಡಿಕೊಂಡು ಬೈಯೋಣ.

ಹೈದರಾಬಾದಿನ ಹೋಟೆಲುಗಳಿಗೆ ಲೆಟಿಸ್ ಬೆಳೆಯಲು ಹೊರಟಿದ್ದೀಯ, ಒಳ್ಳೆಯದೇ. ಆದರೆ ಔರಾದಿನ ಏಪ್ರಿಲ್ ಬಿಸಿಲಲ್ಲಿ, ತಗಡಿನ ಶೆಡ್ಡಿನೊಳಗೆ ಒದ್ದೆ ಕಾಗದದ ಮೇಲೆ ಬೀಜ ಹರವಿ, ವಾರ ಕಾದು, ಪಾಕೀಟೇ ಖೋಟಾ ಅಂದರೆ ಹೇಗೆ? ಅದು ತಂಪಿನ ಸೊಪ್ಪು. ಪ್ರಯೋಗಾಲಯದಲ್ಲಿ ಅದನ್ನು 20 ಡಿಗ್ರಿಯಲ್ಲಿಟ್ಟು 4ನೇ ದಿನ ಒಮ್ಮೆ, 7ನೇ ದಿನ ಕೊನೆಯ ಸಲ ಮೊಳಕೆ ಎಣಿಸುತ್ತಾರೆ. 30 ದಾಟಿತೋ, ಎಷ್ಟೋ ತಳಿಗಳು ನೀರು ಕುಡಿದು ಉಬ್ಬುತ್ತವೆಯೇ ಹೊರತು ಬೇರು ಹೊರಗೆ ಹಾಕುವುದಿಲ್ಲ. ಒಳಪೊರೆ ಸಡಿಲವಾಗದೆ ಬೇರಿಗೆ ದಾರಿ ಬಿಡುವುದಿಲ್ಲ. ಬಹಳ ದಿನ ಒದ್ದೆಯಾಗಿಯೇ ಕಾದರೆ, ಆಮೇಲೆ ತಂಪು ಸಿಕ್ಕರೂ ಏಳದಷ್ಟು ಗಾಢವಾಗಿ ಮಲಗಿಬಿಡುತ್ತವೆ.

ಸತ್ತಿದೆಯೋ ಮಲಗಿದೆಯೋ ತಿಳಿಯಬೇಕೆ? ಅದೇ ಪಾಕೀಟಿನ ಬೇರೆ ಬೀಜ ತೆಗೆದು ಒದ್ದೆ ಕಾಗದದ ಮೇಲೆ ಹರವು. ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಮೂರು ದಿನ ಇಡು. ಬರ್ಫದ ಖಾನೆಯಲ್ಲಲ್ಲ ಮತ್ತೆ! ಆಮೇಲೆ ದಪ್ಪ ಗೋಡೆಯ ಒಳಮನೆಗೆ ತಂದು, ಬೆಳಕು ತಾಗುವ ಹಾಗೆ ಇಡು. ಬೀದರಿನ ಹಳೆಯ ಕೆಂಪುಕಲ್ಲಿನ ಮನೆಯಾದರೆ ಇನ್ನೂ ಚೆನ್ನ. ಹೊರಗೆ ಬಿಸಿಗಾಳಿ ಬೀಸುವ ತಿಂಗಳಲ್ಲಿ ಅಲ್ಲಿಯೂ 20 ಸಿಗಲಿಕ್ಕಿಲ್ಲ, ಆ ಪರೀಕ್ಷೆಯನ್ನು ದೀಪಾವಳಿಯ ಆಚೆಗೆ ಇಟ್ಟುಕೊಂಡರೆ ಇನ್ನೂ ಸುಲಭ.

ಸೋಯಾಕ್ಕೆ ಇಷ್ಟು ನಾಜೂಕು ಇಲ್ಲ. ಅದಕ್ಕೆ 25 ಡಿಗ್ರಿ ಹಿತ, ಕೊನೆಯ ಎಣಿಕೆ 8ನೇ ದಿನ. ಆದರೆ ಮಿರಗದ ಮಳೆಗೆ ಮೊದಲು ಭಾಲ್ಕಿ ಕಡೆಯ ಹೊಲದ ಶೆಡ್ಡಿನಲ್ಲಿ ಗೋಣಿತಟ್ಟಿಗೆ 100 ಕಾಳು ಸುತ್ತಿಟ್ಟರೆ, ಮಧ್ಯಾಹ್ನ ತಟ್ಟು ಒಣಗುತ್ತದೆ, ಸಂಜೆ ಸುರಿದ ನೀರಿಗೆ ಬೂಸಲು ಹಿಡಿಯುತ್ತದೆ, ಕಾಳು ಕೊಳೆಯುತ್ತದೆ. ಪ್ರಮಾಣಿತ ಬೀಜದಲ್ಲಿ 100ಕ್ಕೆ 70 ಏಳಬೇಕೆಂಬುದು ನಿಯಮ. ಶೆಡ್ಡಿನಲ್ಲಿ 55 ಬಂತೆಂದು ಮನೆಯ ಬೀಜವನ್ನು ಅಡತಿಗೆ ಹಾಕಬೇಡ, ಒಳಮನೆಯಲ್ಲಿ ಇನ್ನೊಂದು ಸುತ್ತು ಕಟ್ಟಿಡು. ಸೊಟ್ಟ ಮೊಳಕೆ, ಬೇರಿಲ್ಲದ ಮೊಳಕೆ ಲೆಕ್ಕಕ್ಕೆ ಹಿಡಿಯಬೇಡ. ಬಕೆಟ್ಟಿನಲ್ಲಿ ನೆನೆಹಾಕುವುದಂತೂ ಬೇಡವೇ ಬೇಡ. ತೆಳು ಸಿಪ್ಪೆಯ ಕಾಳು ಒಮ್ಮೆಲೇ ನೀರು ಎಳೆದುಕೊಂಡರೆ ಒಳಗೇ ಕೆಡುತ್ತದೆ.

ಗೋಡೆಗೆ ತೂಗುಹಾಕುವ ಒಂದು ಥರ್ಮಾಮೀಟರ್ ತಂದುಕೋ. ಮೊಳಕೆಯ ಲೆಕ್ಕದ ಪಕ್ಕದಲ್ಲೇ ಆ ದಿನದ ಡಿಗ್ರಿ ಬರೆ. ಅಂಗಡಿಯಿಂದ ತಂದ ಬೀಜ ಎರಡೂ ಸಲ ಕಡಿಮೆ ಬಂದರೆ ಚೀಲದ ಚೀಟಿ, ರಸೀದಿ, ಉಳಿದ ಬೀಜ ಹಿಡಿದುಕೊಂಡು ಅಂಗಡಿಗೆ ನಡೆ, ನಾನೂ ಬರುತ್ತೇನೆ.